ಸೇತುವೆಯ ಕೆಳಗಿನ ಋಣ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಓಡಾಡುವವರಿಗೆ ದೂರದ ಲೆಕ್ಕ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ. ಬೇಸಿಗೆಯಲ್ಲಿ ಹೊಳೆ ದಾಟಿದರೆ ಸಿಗುವ ಊರು ಮಳೆಗಾಲದಲ್ಲಿ ಸುತ್ತು ಬಳಸಿ ಹೋಗಬೇಕಾದ ಊರಾಗುತ್ತದೆ. ವರದಾ ನದಿಯ ಬಾಂದಾರಗಳ ಮೇಲೆ ಹಾದುಹೋಗುವ ದಾರಿಗಳು ಮುಳುಗಿದರೆ ಶಾಲೆ, ಸಂತೆ, ಆಸ್ಪತ್ರೆ ಎಲ್ಲವೂ ಆಚೆ ದಂಡೆಯಲ್ಲಿ ಉಳಿಯುತ್ತವೆ. 2019ರ ಆಗಸ್ಟಿನಲ್ಲಿ ವರದಾ ಮತ್ತು ಧರ್ಮಾ ಎರಡೂ ಉಕ್ಕಿದಾಗ ಈ ಸೀಮೆಯ ಊರುಗಳು ಅನುಭವಿಸಿದ್ದನ್ನು ಕಂಡವರು ಯಾರೂ ಸೇತುವೆ ಬೇಡ ಎನ್ನಲಾರರು. ನಾನೂ ಎನ್ನುವುದಿಲ್ಲ. ಹೆರಿಗೆ ನೋವು ತಿನ್ನುತ್ತಿರುವ ಹೆಣ್ಣುಮಗಳ ಎದುರು ನಿಂತು ಕಪ್ಪೆ, ಕೊಕ್ಕರೆಗಳ ಪರವಾಗಿ ವಾದಿಸುವ ನೈತಿಕತೆ ನನಗೆ ಬೇಕಾಗಿಲ್ಲ.

ಹಾಗಾಗಿ ಈ ಬರಹದ ಪ್ರಶ್ನೆ ಸೇತುವೆ ಬೇಕೋ ಬೇಡವೋ ಎಂಬುದಲ್ಲ. ಬೇಕು ಎಂದು ಒಪ್ಪಿದ ಮೇಲೆ ಹುಟ್ಟುವ ಪ್ರಶ್ನೆ ನನ್ನನ್ನು ಕಾಡುತ್ತದೆ. ಒಳ್ಳೆಯ ಕೆಲಸವೊಂದನ್ನು ಮಾಡುವಾಗ, ಯಾರಿಗೂ ಸೇರದ, ಬಾಯಿಲ್ಲದ ಒಂದು ಜಾಗಕ್ಕೆ ಆಗುವ ಹಾನಿಗೆ ನಾವು ಯಾರಿಗಾದರೂ ಉತ್ತರ ಕೊಡಬೇಕೇ?

ಮೊದಲು ಆ ಜಾಗ ಎಂಥದು ಎಂದು ನೋಡೋಣ. ವರದೆ ಸಾಗರದ ಹತ್ತಿರ ಹುಟ್ಟಿ, ಬನವಾಸಿಯನ್ನು ಬಳಸಿ, ಹಾನಗಲ್ಲ, ಸವಣೂರು ಸೀಮೆಗಳನ್ನು ಹಾದು ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತಾಳೆ. ಹಾನಗಲ್ಲ ಪಟ್ಟಣದ ಪಕ್ಕದಲ್ಲಿ ಹರಿಯುವ ಹೊಳೆಯ ಹೆಸರೇ ಧರ್ಮಾ. ಅವಳು ಮುಂದೆ ವರದೆಯನ್ನು ಸೇರುತ್ತಾಳೆ. ಹಿರೇಕೆರೂರಿನ ಕಡೆ ಕುಮುದ್ವತಿ ಇದ್ದಾಳೆ. ಇವುಗಳ ನಡುವೆ ಲೆಕ್ಕವಿಲ್ಲದಷ್ಟು ಕೆರೆ, ಕೋಡಿಹಳ್ಳ, ಮಡುವು, ಆಪು ಬೆಳೆದ ತಗ್ಗು, ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ಬಯಲು. ಪಠ್ಯಪುಸ್ತಕದಲ್ಲಿ ಇವೆಲ್ಲಕ್ಕೂ ಸೇರಿ ‘ಜೌಗುಭೂಮಿ’ ಎಂಬ ಒಂದೇ ಹೆಸರು. ನಮ್ಮ ಕಡೆ ಅದರ ಹತ್ತಿರದ ಮಾತು ‘ಜವಳು’. ಆ ಮಾತನ್ನು ಯಾರೂ ಹೊಗಳಿಕೆಗೆ ಬಳಸುವುದಿಲ್ಲ. ಸವಳು ಜವಳು ಎಂದರೆ ಕೆಟ್ಟುಹೋದ ಹೊಲ. ನೀರು ನಿಂತ ನೆಲ ಎಂದರೆ ರೋಗ ಹಿಡಿದ ನೆಲ ಎಂಬ ಭಾವನೆ ನಮ್ಮ ನಾಲಿಗೆಯಲ್ಲೇ ಕೂತಿದೆ. ಅಂಥ ನೆಲಕ್ಕೆ ನಾಲ್ಕು ಟಿಪ್ಪರ್ ಗರಸು ಸುರಿದರೆ ಉಪಕಾರ ಮಾಡಿದಂತೆಯೇ ಕಾಣುತ್ತದೆ.

ಆದರೆ ಆ ನೆಲ ಸುಮ್ಮನೆ ಕೂತಿರುವುದಿಲ್ಲ. ಹೊಳೆ ಉಕ್ಕಿದಾಗ ಹೆಚ್ಚಾದ ನೀರನ್ನು ತನ್ನ ಮೈಮೇಲೆ ಹರಡಿಕೊಂಡು ಅದರ ಓಟವನ್ನು ತಗ್ಗಿಸುತ್ತದೆ. ನೀರಿನ ಜೊತೆ ಬಂದ ಹೂಳನ್ನು ಅಲ್ಲೇ ಇಳಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಸುತ್ತಲಿನ ಬಾವಿ, ಬೋರುಗಳಿಗೆ ಒಳಗಿಂದೊಳಗೇ ನೀರು ಕೊಡುತ್ತದೆ. ದಂಡೆಯ ಅತ್ತಿ, ಹೊಂಗೆ, ಲಕ್ಕಿ ಗಿಡಗಳ ಬೇರು ಮಣ್ಣನ್ನು ಬಿಗಿಹಿಡಿದಿರುತ್ತವೆ. ಹಾನಗಲ್ಲ ಸೀಮೆಯ ಹಿರಿಯ ರೈತರೊಬ್ಬರು ನನಗೆ ಇದನ್ನೇ ಬೇರೆ ಬಗೆಯಲ್ಲಿ ಹೇಳಿದ್ದರು: “ಹೊಳಿಗೆ ನೆನಪು ಭಾಳ ಇರತೈತ್ರಿ. ತನ್ನ ಜಾಗಾ ಎಲ್ಲಿತ್ತು ಅನ್ನೋದನ್ನ ಅದು ಮರಿಯಂಗಿಲ್ಲ.”

ಎಂಜಿನಿಯರುಗಳ ಶಾಸ್ತ್ರವೂ ಇದನ್ನು ಒಪ್ಪುತ್ತದೆ. ಗೆರಾಲ್ಡ್ ಲೇಸಿ ಎಂಬ ಬ್ರಿಟಿಷ್ ಎಂಜಿನಿಯರ್ ಭಾರತದ ಕಾಲುವೆಗಳನ್ನು ಅಳೆದು ಸುಮಾರು ನೂರು ವರ್ಷಗಳ ಹಿಂದೆ ಒಂದು ಸೂತ್ರ ಕೊಟ್ಟ. ಮೆಕ್ಕಲು ಮಣ್ಣಿನಲ್ಲಿ ಹರಿಯುವ ನದಿಗೆ ಎಷ್ಟು ಅಗಲ ಬೇಕು ಎಂಬುದು ಅದರಲ್ಲಿ ಹರಿಯುವ ನೀರಿನ ವರ್ಗಮೂಲದ 4.8 ಪಟ್ಟು. ಸೆಕೆಂಡಿಗೆ 900 ಘನಮೀಟರು ನೀರು ಬರುವ ಹೊಳೆ ಸುಮಾರು 144 ಮೀಟರು ಅಗಲ ಕೇಳುತ್ತದೆ. ನಮ್ಮ ದೇಶದ ಸೇತುವೆಗಳ ಲೆಕ್ಕದಲ್ಲಿ ಈ ಸೂತ್ರ ಇಂದಿಗೂ ಬಳಕೆಯಲ್ಲಿದೆ. ನೀರು ಕಂಬದ ಬುಡಕ್ಕೆ ಬಡಿದು ಸುಳಿಯಾಗಿ ಮಣ್ಣು ಕೊರೆಯುತ್ತದೆ ಎಂದು, ಪ್ರವಾಹದ ಮಟ್ಟದಿಂದ ಸಾಮಾನ್ಯ ಕೊರೆತದ ಎರಡರಷ್ಟು ಆಳವನ್ನು ಲೆಕ್ಕಕ್ಕೆ ಹಿಡಿದು ಅಡಿಪಾಯ ಇಳಿಸುತ್ತಾರೆ. ಈ ಲೆಕ್ಕಗಳಲ್ಲಿ ನದಿಗೊಂದು ಹಕ್ಕಿದೆ ಎಂಬ ಒಪ್ಪಿಗೆ ಇದೆ ಎಂದೇ ನನಗೆ ಕಾಣುತ್ತದೆ. ಆದರೆ ಆ ಒಪ್ಪಿಗೆ ಹರಿವಿನ ಪಾತ್ರಕ್ಕೆ ಮಾತ್ರ. ಎರಡೂ ಬದಿಯ ಬಯಲಿನ ಮೇಲೆ ಸೇತುವೆಯನ್ನು ಮುಟ್ಟುವ ರಸ್ತೆಗಾಗಿ ಎತ್ತರದ ಮಣ್ಣಿನ ದಿಬ್ಬ ಬರುತ್ತದೆ. ನೆರೆಯ ನೀರು ಹರಡುತ್ತಿದ್ದ ಬಯಲಿಗೆ ಅದೊಂದು ಅಡ್ಡಗೋಡೆ. ಸಾಕಷ್ಟು ಮೋರಿಗಳನ್ನು ಬಿಡದಿದ್ದರೆ ಮೇಲಿನವರ ಹೊಲದಲ್ಲಿ ನೀರು ನಿಲ್ಲುತ್ತದೆ, ಕೆಳಗಿನವರ ತಗ್ಗು ಒಣಗುತ್ತದೆ.

ಇನ್ನು ಕಟ್ಟುವ ಕಾಲದ ಮಾತು. ಸೇತುವೆ ಕಾಮಗಾರಿಯಲ್ಲಿ ನಾನು ಅತಿ ಹೆಚ್ಚು ಕೇಳಿರುವ ಪದ ‘ಟೆಂಪರರಿ’. ಕಂಬ ಎಬ್ಬಿಸಲು ಹೊಳೆಯನ್ನು ಒಂದು ಪಕ್ಕಕ್ಕೆ ತಳ್ಳುವ ಮಣ್ಣಿನ ಒಡ್ಡು ಟೆಂಪರರಿ. ಲಾರಿಗಳಿಗಾಗಿ ಪೈಪು ಹಾಕಿ ಮಾಡಿದ ಬಳಸುದಾರಿ ಟೆಂಪರರಿ. ದಂಡೆಯ ಗಿಡ ಕಡಿದು ಹಾಕಿದ ಕೂಲಿಕಾರರ ಶೆಡ್ಡು, ಕಾಂಕ್ರೀಟು ಕಲಸುವ ಪ್ಲಾಂಟು, ಡೀಸೆಲ್ ಡ್ರಮ್ಮುಗಳ ಸಾಲು ಎಲ್ಲವೂ ಟೆಂಪರರಿ. ಕಾಂಕ್ರೀಟ್ ಯಂತ್ರ ತೊಳೆದ ನೀರು ಸುಣ್ಣದಂತೆ ಕ್ಷಾರ. ಅದು ಸೀದಾ ಮಡುವಿಗೆ ಸೇರಿದರೆ ಮೀನು ತಡೆಯುವುದಿಲ್ಲ. ಉದ್ಘಾಟನೆಯ ದಿನ ಮೇಲೆ ಬಾಳೆಕಂಬ, ತಳಿರುತೋರಣ. ಕೆಳಗೆ ಇಳಿದು ನೋಡಿದರೆ ಟೆಂಪರರಿ ಎಂದದ್ದು ಅರ್ಧ ಅಲ್ಲೇ ಇರುತ್ತದೆ: ತೆಗೆಯದ ಒಡ್ಡು, ಹೂತುಹೋದ ಪೈಪು, ಒಡೆದ ಕಾಂಕ್ರೀಟಿನ ರಾಶಿ.

ಇಲ್ಲಿ ಕೆಟ್ಟವರು ಯಾರೂ ಕಾಣುವುದಿಲ್ಲ. ಯಾರೂ ನದಿಯನ್ನು ಕೊಲ್ಲಬೇಕೆಂದು ಹೊರಟವರಲ್ಲ. ಜೆಸಿಬಿ ಓಡಿಸುವ ಹುಡುಗ ಹೇಳಿದಷ್ಟು ಮಾಡಿದ. ಉಪಗುತ್ತಿಗೆದಾರ ತನ್ನ ಪಾಲಿನ ಕಂಬ ಮುಗಿಸಿ ಮುಂದಿನ ಊರಿಗೆ ಹೋದ. ಎಂಜಿನಿಯರಿಗೆ ವರ್ಗವಾಯಿತು. ಅಳತೆ ಪುಸ್ತಕದಲ್ಲಿ ಘನಮೀಟರಿನ ಲೆಕ್ಕದಲ್ಲಿ ಕಾಂಕ್ರೀಟಿದೆ, ಟನ್ನಿನ ಲೆಕ್ಕದಲ್ಲಿ ಕಬ್ಬಿಣವಿದೆ. ಬಿಲ್ಲು ಹುಟ್ಟುವುದು ಅಳೆದದ್ದಕ್ಕೆ. ದಡವನ್ನು ಮೊದಲಿನಂತೆ ಮಾಡಿಕೊಟ್ಟರೋ ಇಲ್ಲವೋ ಎಂಬುದು ಷರತ್ತಿನ ಪುಟದಲ್ಲಿ ಇರುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಕಾಮಗಾರಿ ನಿಯಮಗಳಲ್ಲಿ ಪರಿಸರ ಕಾಪಾಡುವುದಕ್ಕೆಂದೇ ಒಂದು ಭಾಗವಿದೆ. ಆದರೆ ಷರತ್ತನ್ನು ಓದುವ ಕಣ್ಣು ಬೇರೆ, ಬಿಲ್ಲನ್ನು ನೋಡುವ ಕಣ್ಣು ಬೇರೆ. ಹೊಣೆಯನ್ನು ಇಷ್ಟು ಚೂರು ಮಾಡಿದ ಮೇಲೆ ಪ್ರತಿಯೊಬ್ಬರ ಕೈಯಲ್ಲೂ ಉಳಿಯುವುದು ತೀರ ಸಣ್ಣ ಚೂರು. ಅಷ್ಟು ಸಣ್ಣದಕ್ಕೆ ಯಾರ ಮನಸ್ಸೂ ಚುಚ್ಚುವುದಿಲ್ಲ.

ಕಾನೂನಾದರೂ ಈ ಚೂರುಗಳನ್ನು ಕೂಡಿಸೀತೇ? ಹೆದ್ದಾರಿಗಾಗಿ ಹೊಲ ಕಳೆದುಕೊಂಡವರಿಗೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಅಡಿಯಲ್ಲಿ ಪರಿಹಾರವಿದೆ. ಅದು ಸಾಕೋ ಸಾಲದೋ, ಕೇಳಲು ಒಬ್ಬ ಮಾಲೀಕನಿದ್ದಾನೆ. ಆಪಿನ ತಗ್ಗಿಗೆ ಪಹಣಿಯಲ್ಲಿ ಹೆಸರಿಲ್ಲ. 2017ರ ಜೌಗುಭೂಮಿ ಸಂರಕ್ಷಣಾ ನಿಯಮಗಳನ್ನು ತೆರೆದರೆ ಇನ್ನೊಂದು ಸಂಗತಿ ಕಾಣುತ್ತದೆ. ನದಿಯ ಪಾತ್ರ, ಭತ್ತದ ಗದ್ದೆ, ನೀರಾವರಿಗೋ ಕುಡಿಯುವ ನೀರಿಗೋ ಮನುಷ್ಯರು ಕಟ್ಟಿದ ಕೆರೆ, ಇವು ಆ ನಿಯಮಗಳ ‘ಜೌಗುಭೂಮಿ’ಯ ಅರ್ಥದಿಂದಲೇ ಹೊರಗಿವೆ. ಈ ನಾಲ್ಕು ತಾಲೂಕುಗಳಲ್ಲಿ ಅವನ್ನು ಬಿಟ್ಟರೆ ಉಳಿಯುವುದು ಬಲು ಕಡಿಮೆ. ಶಿಗ್ಗಾವಿಯಿಂದ ಬಹಳ ದೂರವಲ್ಲದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ನೀರಾವರಿಗೆ ಕಟ್ಟಿದ್ದೇ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿನ ಮಹತ್ವದ ಜೌಗುಪ್ರದೇಶವೆನಿಸಿತು. ಹಕ್ಕಿಗಳಿಗೆ ಕೆರೆ ಕಟ್ಟಿದವರು ಯಾರು ಎಂಬ ಭೇದ ತಿಳಿಯದು, ನಿಯಮಕ್ಕೆ ತಿಳಿಯುತ್ತದೆ.

ಮಣ್ಣಿನ ಕಥೆಯೂ ಹೀಗೆಯೇ. 2020ರ ಮಾರ್ಚಿನಲ್ಲಿ, ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ, ರಸ್ತೆಯಂಥ ಉದ್ದನೆಯ ಯೋಜನೆಗಳಿಗೆ ಸಾಮಾನ್ಯ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡ ಎಂದು ಕೇಂದ್ರ ಪರಿಸರ ಸಚಿವಾಲಯ ಅಧಿಸೂಚನೆ ಹೊರಡಿಸಿತು. ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನು 2024ರ ಮಾರ್ಚಿನಲ್ಲಿ ರದ್ದು ಮಾಡಿತು. ನಡುವೆ ಕಳೆದದ್ದು ನಾಲ್ಕು ವರ್ಷ. ತೀರ್ಪು ಬಂದಿತೆಂದು ತೆಗೆದ ಮಣ್ಣು ಗುಡ್ಡಕ್ಕೆ ಮರಳುವುದಿಲ್ಲ.

ದಡವನ್ನು ಕಾಪಾಡಿದರೆ ಸೇತುವೆಗೇ ಲಾಭ ಎಂದು ವಾದಿಸಬಹುದು, ಮತ್ತು ಅದು ನಿಜ. 2018ರ ಜೂನಿನಲ್ಲಿ ದಕ್ಷಿಣ ಕನ್ನಡದ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಾಗ ಜನ ಬೆರಳು ತೋರಿಸಿದ್ದು ಮರಳುಗಾರಿಕೆಯ ಕಡೆಗೆ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಜಾರಿ ಗಂಗಾವಳಿಗೆ ಬಿತ್ತು. ಎದ್ದ ನೀರು ಆಚೆ ದಂಡೆಯ ಉಳುವರೆಯ ಮನೆಗಳನ್ನು ಬಡಿಯಿತು. ನದಿಗೆ ಮಾಡಿದ್ದು ನಮಗೇ ಮರಳುತ್ತದೆ ಎನ್ನಲು ಇಷ್ಟು ಉದಾಹರಣೆ ಸಾಕು.

ಆದರೆ ಈ ವಾದದಲ್ಲಿ ನನಗೊಂದು ಕೊರತೆ ಕಾಣುತ್ತದೆ. ನಮಗೆ ಮರಳಿ ಬಡಿಯುತ್ತದೆ ಎಂಬ ಕಾರಣಕ್ಕಷ್ಟೇ ದಡವನ್ನು ಉಳಿಸುವುದಾದರೆ, ಮರಳಿ ಬಡಿಯದ ಕಡೆ ಉಳಿಸಬೇಕಾಗಿಲ್ಲ ಎಂದಾಯಿತು. ಸಣ್ಣದೊಂದು ತಗ್ಗು ಮುಚ್ಚಿಹೋದರೆ ಯಾವ ಸೇತುವೆಯೂ ಬೀಳುವುದಿಲ್ಲ. ಅಲ್ಲಿ ಮೀನು ಹಿಡಿಯುತ್ತಿದ್ದವರು ಬೇರೆ ಕೂಲಿ ನೋಡಿಕೊಳ್ಳುತ್ತಾರೆ, ಬುಟ್ಟಿ ಹೆಣೆಯುತ್ತಿದ್ದವರು ಪ್ಲಾಸ್ಟಿಕ್ ಬುಟ್ಟಿ ಕೊಳ್ಳುತ್ತಾರೆ, ಹಕ್ಕಿಗಳು ಬರುವುದನ್ನು ನಿಲ್ಲಿಸುತ್ತವೆ. ಲಾಭದ ತಕ್ಕಡಿಯಲ್ಲಿ ಇದಕ್ಕೆ ತೂಕವೇ ಇಲ್ಲ. ಆದರೂ ಅಲ್ಲೇನೋ ಅನ್ಯಾಯವಾಗಿದೆ ಎಂದು ಮನಸ್ಸು ಹೇಳುತ್ತದಲ್ಲ, ಆ ಮಾತಿಗೆ ಆಧಾರವೇನು?

ನನಗೆ ‘ಕೆರೆಗೆ ಹಾರ’ ನೆನಪಾಗುತ್ತದೆ. ಕೆರೆ ಕಟ್ಟಿಸಿದ್ದು ಊರಿನ ಒಳಿತಿಗೆ. ಭಾಗೀರಥಿಯನ್ನು ಕೊಟ್ಟ ಮೇಲೆ ನೀರು ಬಂದದ್ದೂ ನಿಜ. ಆ ಕಥನಗೀತ ಕೇಳಿದವರು ಯಾರೂ ಕೆರೆಯೇ ಬೇಡವಾಗಿತ್ತು ಎನ್ನುವುದಿಲ್ಲ. ಆದರೂ ಎದೆ ಭಾರವಾಗುತ್ತದೆ, ಏಕೆಂದರೆ ನಿರ್ಧಾರ ಮಾಡಿದವರು ಬೇರೆ, ತೆತ್ತವಳು ಬೇರೆ. ಕೇಳುವವರಿಲ್ಲದವಳನ್ನೇ ಆರಿಸಿದರು. ನಾವು ಚಿಕ್ಕವರಿದ್ದಾಗ ದೊಡ್ಡ ಸೇತುವೆಗೆ ತಲೆ ಬೇಕಂತೆ, ಮಕ್ಕಳನ್ನು ಹಿಡಿಯುತ್ತಾರಂತೆ ಎಂಬ ಗಾಳಿಸುದ್ದಿ ಹಬ್ಬುತ್ತಿತ್ತು. ಸುದ್ದಿ ಸುಳ್ಳು. ಆದರೆ ಒಂದು ಕಟ್ಟಡ ನಿಲ್ಲುವಾಗ ಯಾರೋ ಏನೋ ತೆರುತ್ತಾರೆ ಎಂಬ ಅಳುಕು ಅದರೊಳಗಿತ್ತು. ಅದು ಸುಳ್ಳಲ್ಲ. ಒಳ್ಳೆಯ ಉದ್ದೇಶ ಬೆಲೆಯನ್ನು ಅಳಿಸಿಹಾಕುವುದಿಲ್ಲ. ಪಡೆದವರು ತೆತ್ತವರಿಗೆ ಋಣಿಗಳಾಗುತ್ತಾರೆ, ತೆತ್ತದ್ದು ಒಂದು ತಗ್ಗು, ಒಂದು ಮಡುವು ಆಗಿದ್ದರೂ. ಋಣ ಎಂಬ ನಮ್ಮ ಮಾತಿನ ಗುಣವೇ ಇದು: ಸಾಲಗಾರ ಬಂದು ಕೇಳಲಿ ಎಂದು ಅದು ಕಾಯುವುದಿಲ್ಲ. ಅನ್ನದ ಋಣ, ಮಣ್ಣಿನ ಋಣ ಎನ್ನುತ್ತೇವೆ. ಅನ್ನವಾಗಲಿ ಮಣ್ಣಾಗಲಿ ಎಂದೂ ಕೋರ್ಟಿಗೆ ಹೋಗಿಲ್ಲ.

ಋಣ ತೀರಿಸುವುದು ಹೇಗೆ? ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ಯಾರು ಹೆಚ್ಚು ಎಂದು ಜಗಳ ಹತ್ತುತ್ತದೆ. ರಾಮ ಅಲ್ಲೇ ತೀರ್ಪು ಹೇಳುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಕಾಲ ಕಳೆದ ಮೇಲೆ ಯಾವುದು ಉಳಿದಿದೆ ಎಂದು ನೋಡುತ್ತಾನೆ. ಸೇತುವೆಗೂ ಇದೇ ಪರೀಕ್ಷೆ ತಕ್ಕದ್ದು. ಕೆಲಸಕ್ಕೆ ಮೊದಲು ದಡದ ಫೋಟೋ, ಅಳತೆ, ಮರಗಳ ಎಣಿಕೆ ಊರವರ ಎದುರು ಆಗಲಿ. ಒಡ್ಡು ತೆಗೆಯುವುದು, ಬಳಸುದಾರಿ ಅಗೆದು ಹಾಕುವುದು, ಅತ್ತಿ ಹೊಂಗೆ ನೆಡುವುದು ಅಳತೆ ಪುಸ್ತಕದಲ್ಲಿ ಕಾಂಕ್ರೀಟಿನಷ್ಟೇ ದೊಡ್ಡ ಬಾಬತ್ತಾಗಲಿ. ಕೊನೆಯ ಬಿಲ್ಲಿನ ಒಂದು ಪಾಲು ಒಂದು ಮಳೆಗಾಲ ಕಳೆಯುವವರೆಗೆ ಕಾಯಲಿ. ಆಮೇಲೆ ಪಂಚಾಯಿತಿಯವರು, ಮೀನು ಹಿಡಿಯುವವರು, ಎಂಜಿನಿಯರು ಕೂಡಿ ಕೆಳಗಿಳಿದು ನೋಡಿ ಸಹಿ ಮಾಡಲಿ. ಇದರಿಂದ ಸೇತುವೆ ಒಂದು ದಿನವೂ ತಡವಾಗುವುದಿಲ್ಲ. ದುಡ್ಡು ಮಾತ್ರ ಸ್ವಲ್ಪ ತಡವಾಗುತ್ತದೆ.

ಹಿರೇಕೆರೂರು ಸೀಮೆಯ ಮಾಸೂರಿನ ಬಳಿ ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆಯ ಹಳೆಯ ಏರಿ ಇಂದಿಗೂ ಗುಡ್ಡದಂತೆ ನಿಂತಿದೆ. ಅಷ್ಟು ದೊಡ್ಡ ಏರಿ ಕಟ್ಟಿದವರ ಕೆಲಸವನ್ನೂ ಹೊಳೆ ಒಂದು ಕಾಲಕ್ಕೆ ಒಡೆದುಕೊಂಡು ಹೋಯಿತು. ಅದನ್ನು ನೋಡಿ ಹೊಳೆ ಸೇಡು ತೀರಿಸಿಕೊಂಡಿತು ಎಂದು ನನಗೆ ಅನ್ನಿಸುವುದಿಲ್ಲ. ಹೊಳೆಗೆ ಸೇಡೂ ಇಲ್ಲ, ದಯೆಯೂ ಇಲ್ಲ. ನ್ಯಾಯ ಅನ್ಯಾಯದ ಮಾತು ತಿಳಿದಿರುವುದು ಸೇತುವೆಯ ಮೇಲೆ ನಡೆಯುವವರಿಗೆ ಮಾತ್ರ. ಆದ್ದರಿಂದಲೇ ಕೆಳಗಿಳಿದು ನೋಡುವ ಕೆಲಸವೂ ಅವರದ್ದೇ.