ವೈಯಾವೃತ್ತ್ಯ: ಅಂತ್ಯಶಯ್ಯೆಯ ಬಳಿಯ ತಪಸ್ಸು

ಜಿನಶಾಸನದಲ್ಲಿ ತಪಸ್ಸೆಂದರೆ ಉಪವಾಸವೊಂದೇ ಅಲ್ಲ. ತತ್ತ್ವಾರ್ಥಸೂತ್ರವು ಹೇಳುವ 6 ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ತ್ಯವೂ ಒಂದು. ಸೇವೆಗೆ ಪಾತ್ರರಾದ 10 ಬಗೆಯ ಸಾಧುಗಳಲ್ಲಿ ‘ಗ್ಲಾನ’, ಅಂದರೆ ರೋಗಪೀಡಿತನೂ ಸೇರಿದ್ದಾನೆ. ಈ ಧರ್ಮವು ಶ್ರಾವಕರ ಮನೆಯಲ್ಲಿ ಮಾತಾಪಿತೃಗಳ ಹಾಸಿಗೆಯ ಬಳಿಯಿಂದಲೇ ಆರಂಭವಾಗತಕ್ಕದ್ದು.

ದೇಹ ಬೇರೆ, ಆತ್ಮ ಬೇರೆ ಎಂದು ಬೋಧಿಸಿದ ಕುಂದಕುಂದಾಚಾರ್ಯರ ಊರೆಂದು ಪ್ರಸಿದ್ಧವಾದ ಕೊನಕೊಂಡ್ಲ ಆದೋನಿಗೆ ದೂರವಲ್ಲ. ಆದರೆ ಆ ಭೇದವಿಜ್ಞಾನವು ಪರರ ದೇಹದ ನೋವನ್ನು ಅಲಕ್ಷಿಸಲು ನೆಪವಾಗಬಾರದು. ಶಿವಾರ್ಯರ ಭಗವತೀ ಆರಾಧನೆಯು ಸಮಾಧಿಮರಣ ಸ್ವೀಕರಿಸಿದ ಕ್ಷಪಕನ ಸೇವೆಗೆ 48 ನಿರ್ಯಾಪಕರನ್ನು ಹೇಳುತ್ತದೆ: ಮಗ್ಗುಲು ಬದಲಿಸಲು ಕೆಲವರು, ಮಲಮೂತ್ರ ತೆಗೆಯಲು ಕೆಲವರು, ಧರ್ಮಕಥೆ ಹೇಳಲು ಕೆಲವರು. ಕಾಲಾನುಸಾರ ಸಂಖ್ಯೆ ಕಡಿಮೆಯಾಗಬಹುದು. ಆದರೆ ಇಬ್ಬರಿಗಿಂತ ಕಡಿಮೆ ಸಲ್ಲದು. ಹಗಲಿರುಳಿನ ಶುಶ್ರೂಷೆಯನ್ನು ಸೊಸೆಯೊಬ್ಬಳ ಮೇಲೆ ಹೊರಿಸುವ ಕುಟುಂಬಗಳು ಇದನ್ನು ಮನನ ಮಾಡಬೇಕು.

ಆದೋನಿಯ ಒಂದು ಮನೆಯಲ್ಲಿ ವೃದ್ಧ ತಾಯಿಗೆ ಗುಣವಾಗದ ಕ್ಯಾನ್ಸರ್ ಇದೆಯೆಂದು ಭಾವಿಸಬಹುದು. ಹಿರಿಯ ಮಗ ಹೈದರಾಬಾದಿಗೆ ಒಯ್ದು ಉಸಿರಾಟದ ಯಂತ್ರ ಹಾಕಿಸೋಣವೆನ್ನುತ್ತಾನೆ. ಕಿರಿಯವನು ಔಷಧವನ್ನೆಲ್ಲ ನಿಲ್ಲಿಸೋಣವೆನ್ನುತ್ತಾನೆ. ಸಲ್ಲೇಖನೆಯ 5 ಅತಿಚಾರಗಳಲ್ಲಿ ಜೀವಿತಾಶಂಸೆ, ಮರಣಾಶಂಸೆ ಎರಡೂ ಇವೆ. ಬದುಕಿಗೆ ಅಂಟಿಕೊಳ್ಳುವುದು ದೋಷ. ಸಾವು ಬೇಗ ಬರಲೆಂದು ಬಯಸುವುದೂ ದೋಷ. ಆದ್ದರಿಂದ ಮಕ್ಕಳು ವೈದ್ಯರನ್ನು ಕೇಳಬೇಕಾದುದು ಇಷ್ಟು: ಈ ಚಿಕಿತ್ಸೆ ರೋಗ ಗುಣಪಡಿಸುವುದೇ? ನೋವು ಇಳಿಸುವುದೇ? ಅಥವಾ ಸಂಕಟವನ್ನು ಮಾತ್ರ ದೀರ್ಘಗೊಳಿಸುವುದೇ? ಎಲ್ಲಕ್ಕೂ ಮೊದಲು ತಾಯಿಯ ಇಚ್ಛೆಯನ್ನು ಕೇಳಬೇಕು. ಸಲ್ಲೇಖನೆಯೂ ಗುರುಗಳ ಅನುಜ್ಞೆಯಿಂದ ವ್ಯಕ್ತಿಯು ತಾನೇ ಕೈಗೊಳ್ಳುವ ವ್ರತ, ಮನೆಯವರು ಹೇರತಕ್ಕದ್ದಲ್ಲ.

ಇಂಥ ಇಚ್ಛೆಯನ್ನು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು. 2023ರಲ್ಲಿ ಕ್ರಮವನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳೊಡನೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ಸಹಿ ಮಾಡಿದರೆ ಸಾಕೆಂದಿತು.

ನೋವು ತಡೆದುಕೊಳ್ಳುವುದೇ ಪುಣ್ಯವೆಂದು ರೋಗಿಗೆ ಬೋಧಿಸುವುದು ಅಹಿಂಸೆಯಲ್ಲ. ವೈದ್ಯರ ಅಳತೆಯಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಕರೆಯುವುದಿಲ್ಲ, ನೋವನ್ನು ತಗ್ಗಿಸುತ್ತದೆ. ಅದನ್ನು ನೋವು ಬಂದಾಗಲಷ್ಟೇ ಅಲ್ಲದೆ ಹೊತ್ತಿಗೆ ಸರಿಯಾಗಿ ಕೊಡಬೇಕು. ಸೂರ್ಯಾಸ್ತದ ನಂತರ ಏನನ್ನೂ ಸೇವಿಸದ ವ್ರತ ತಾಯಿಗಿದ್ದರೆ ಅದನ್ನು ವೈದ್ಯರಿಗೆ ಮುಂಚೆಯೇ ತಿಳಿಸಬೇಕು. 12 ಗಂಟೆ ಕೆಲಸ ಮಾಡುವ ಮಾತ್ರೆಗಳೂ, ಚರ್ಮಕ್ಕೆ ಅಂಟಿಸಿ 3 ದಿನಕ್ಕೊಮ್ಮೆ ಬದಲಿಸುವ ಪಟ್ಟಿಗಳೂ ಇವೆ. ವ್ರತವೂ ಉಳಿಯುತ್ತದೆ, ನೋವೂ ತಗ್ಗುತ್ತದೆ. ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನಿನಲ್ಲಿ ಹುಣ್ಣಾಗುವುದು ಬಹುಮಟ್ಟಿಗೆ ತಪ್ಪುತ್ತದೆ. ಒಣಗಿದ ತುಟಿಗೆ ಒದ್ದೆ ಬಟ್ಟೆ ಒತ್ತುವುದೂ ವೈಯಾವೃತ್ತ್ಯವೇ.

ನೋವಿನಿಂದ ನರಳುವ ಜೀವಕ್ಕೆ ಪಂಚನಮಸ್ಕಾರ ಮಂತ್ರದಲ್ಲಿ ಮನಸ್ಸು ನಿಲ್ಲುವುದು ಕಷ್ಟ. ನೋವು ತಗ್ಗಿದಾಗ ಕಿವಿ ತೆರೆಯುತ್ತದೆ. ಮನೆಮಾತು ಕನ್ನಡವಿರಲಿ, ತೆಲುಗಿರಲಿ, ಮಾರವಾಡಿಯಿರಲಿ, ಗುಜರಾತಿಯಿರಲಿ, ಆ ಗಳಿಗೆಯಲ್ಲಿ ಕಿವಿಯ ಬಳಿ ಉಸುರುವ ಮಂತ್ರ ಒಂದೇ. ಅದು ಕೇಳುವಂತೆ ಮಾಡುವುದೇ ಶುಶ್ರೂಷಕರ ತಪಸ್ಸು.

ಸರ್ವಜೀವಿಗಳಿಗೂ ಸಮಾಧಿಭಾವ ಲಭಿಸಲಿ. ಜೈ ಜಿನೇಂದ್ರ.