ಯಂತ್ರ ಮಾಡಿದ ಕರ್ಮ ಯಾರದು?

ಡೊಂಬಿವಲಿಯ ಒಂದು ಮನೆಯಲ್ಲಿ ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದ ಪಾಠ ನಡೆದಿತ್ತು. ಮಂಗಳಾರತಿಯಾಗಿ ಪ್ರಸಾದ ಹಂಚುವ ಹೊತ್ತಿಗೆ ತರುಣನೊಬ್ಬನು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಆತನು ಐರೋಲಿಯ ಕಚೇರಿಯೊಂದರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಸಾಲ ಕೋರಿ ಬಂದ ಅರ್ಜಿಗಳಲ್ಲಿ ಯಾವುದನ್ನು ಒಪ್ಪಬೇಕು, ಯಾವುದನ್ನು ತಳ್ಳಬೇಕು ಎಂಬುದನ್ನು ಗಣಕಯಂತ್ರವೇ ನಿರ್ಣಯಿಸುವ ವ್ಯವಸ್ಥೆಯನ್ನು ಆತನ ತಂಡವು ಸಿದ್ಧಪಡಿಸುತ್ತಿದೆ.

“ಆಚಾರ್ಯರೇ, ಯೋಗ್ಯನಾದವನೊಬ್ಬನಿಗೆ ಈ ಯಂತ್ರವು ಸಾಲ ನಿರಾಕರಿಸಿ, ಅವನ ಮಗಳ ಓದು ನಿಂತುಹೋದರೆ ಆ ದೋಷ ಯಾರಿಗೆ? ಯಂತ್ರಕ್ಕೆ ಪಾಪಪುಣ್ಯಗಳಿಲ್ಲ. ನಾನು ಮೇಲಿನವರು ಹೇಳಿದಂತೆ ಬರೆದವನು. ಮುಖ್ಯಕರ್ತೃವು ಶ್ರೀವಿಷ್ಣುವೇ ಎಂದು ಈಗತಾನೇ ತಾವು ಪಾಠ ಹೇಳಿದಿರಿ” ಎಂದನು. ಹಿರಿಯರು ಕೆಲವರು ನಕ್ಕರು. ಆತನು ನಗಲಿಲ್ಲ.

ಈ ಪ್ರಶ್ನೆ ನಮ್ಮ ಸಮಾಜಕ್ಕೆ ದೂರದ್ದಲ್ಲ. ಬೆರಳಚ್ಚು, ಶೀಘ್ರಲಿಪಿಗಳ ಸರ್ಟಿಫಿಕೇಟು ಹಿಡಿದು ಮುಂಬಯಿಗೆ ಬಂದು, ಬ್ಯಾಂಕುಗಳಲ್ಲಿಯೂ ಹೋಟೆಲುಗಳಲ್ಲಿಯೂ ದುಡಿದು, ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಪುಟ್ಟ ಮನೆ ಮಾಡಿಕೊಂಡವರು ನಮ್ಮ ಹಿರಿಯರು. 1983ರಲ್ಲಿ ಬ್ಯಾಂಕುಗಳ ಯಂತ್ರೀಕರಣದ ಬಗ್ಗೆ ಆಡಳಿತಕ್ಕೂ ನೌಕರರ ಸಂಘಗಳಿಗೂ ಒಪ್ಪಂದವಾದಾಗ, ಗಣಕ ಬಂದರೆ ಗುಮಾಸ್ತನ ಗತಿಯೇನು ಎಂಬ ಚಿಂತೆ ಅನೇಕ ಮನೆಗಳಲ್ಲಿತ್ತು. ಇಂದು ಅದೇ ಗುಮಾಸ್ತರ ಮೊಮ್ಮಕ್ಕಳು ಗಣಕದಿಂದಲೇ ಅನ್ನ ಉಣ್ಣುತ್ತಿದ್ದಾರೆ. ಒಂದು ಕಾಲಕ್ಕೆ ರಾಸಾಯನಿಕ ಕಾರ್ಖಾನೆಗಳ ಹೊಗೆಗೆ ಹೆಸರಾಗಿದ್ದ ಥಾಣೆ-ಬೇಲಾಪುರ ರಸ್ತೆಯ ಆಸುಪಾಸಿನಲ್ಲಿ, ಐರೋಲಿ, ರಬಾಳೆ, ಮಹಾಪೆಗಳಲ್ಲಿ, ಈಗ ಡೇಟಾ ಸೆಂಟರುಗಳು ಎದ್ದಿವೆ. ಲಕ್ಷಾಂತರ ಜನರ ಲೆಕ್ಕಪತ್ರಗಳು ಅಲ್ಲಿ ಹಗಲಿರುಳು ತಂಪು ಗಾಳಿಯಲ್ಲಿ ಕಾಯಲ್ಪಡುತ್ತಿವೆ. 2016ರಲ್ಲಿ ಯುಪಿಐ ಬಂದ ಮೇಲೆ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೂ ಒಂದು ಪುಟ್ಟ ಪೆಟ್ಟಿಗೆ ಕುಳಿತು, ಬಂದ ಹಣವನ್ನು ತಾನೇ ಕೂಗಿ ಹೇಳುತ್ತಿದೆ.

ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯನ್ನು ಇಲ್ಲಿ ನೆನೆಯಬೇಕು. ಅದು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನು ಕೂಡಿಸಲು ಏಜೆಂಟನು ಮನೆಬಾಗಿಲಿಗೆ ಬರುತ್ತಿದ್ದನು. ಯಾವ ಮನೆಯಲ್ಲಿ ಕಾಯಿಲೆ, ಯಾವ ಮನೆಯಲ್ಲಿ ಬಾಣಂತನ ಎಂಬುದು ಅವನಿಗೆ ತಿಳಿಯುತ್ತಿತ್ತು. ಹಾಗೆಂದು ಹಳೆಯ ಕಾಲವೆಲ್ಲ ಚಿನ್ನವಾಗಿರಲಿಲ್ಲ. ಬಾಗಿಲಿಗೆ ಬರುವ ಮನುಷ್ಯನಿಗೆ ಕಣ್ಣಿದ್ದಂತೆ ಪಕ್ಷಪಾತವೂ ಇರಬಹುದಿತ್ತು. ವಶೀಲಿಯಿಲ್ಲದ ಬಡವನು ಎಷ್ಟೋ ಕಡೆ ಹೊರಗೇ ನಿಲ್ಲುತ್ತಿದ್ದನು. ಯಂತ್ರವು ಲಂಚ ಕೇಳುವುದಿಲ್ಲ, ನಿಜ. ಆದರೆ ಹಿಂದೆ ಅನ್ಯಾಯವಾದರೆ ಯಾರು ಮಾಡಿದರೆಂಬುದು ತಿಳಿಯುತ್ತಿತ್ತು. ಈಗ “ಸಿಸ್ಟಮ್ ಒಪ್ಪುತ್ತಿಲ್ಲ” ಎಂಬ ಒಂದೇ ಮಾತಿನ ಹಿಂದೆ ಎಲ್ಲರೂ ಮರೆಯಾಗಬಹುದು.

ಗೀತೆಯು ಕರ್ಮಕ್ಕೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂದು ಐದು ಕಾರಣಗಳನ್ನು ಹೇಳುತ್ತದೆ. ಇವುಗಳಲ್ಲಿ ಗಣಕಯಂತ್ರದ ಸ್ಥಾನ ಯಾವುದು? ಸೌಟು, ಉಳಿ, ಲೇಖನಿಗಳಂತೆ ಅದೂ ಕರಣವೇ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರವು ಮನುಷ್ಯನಂತೆ ಉತ್ತರಿಸುವುದನ್ನು ಕಂಡು, ಅದಕ್ಕೂ ಮನಸ್ಸಿದೆಯೆಂದು ಭ್ರಮಿಸುವವರುಂಟು. ಪಂಚಭೇದವನ್ನು ಅರಿತ ನಮಗೆ ಈ ಭ್ರಮೆ ಸಲ್ಲದು. ಜೀವ-ಜಡರ ಭೇದವು ಸತ್ಯ. ಎಷ್ಟು ಚತುರವಾಗಿ ನುಡಿದರೂ ಜಡಕ್ಕೆ ಇಚ್ಛೆಯಿಲ್ಲ, ಪಶ್ಚಾತ್ತಾಪವಿಲ್ಲ.

ಯಂತ್ರದ ಮೇಲೆ ಹೊರಿಸಲಾಗದ ಹೊಣೆಯನ್ನು ಶ್ರೀಹರಿಯ ಮೇಲಾದರೂ ಹೊರಿಸಬಹುದೇ? ಇದಕ್ಕೆ ಉತ್ತರ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿದೆ. ಅಲ್ಲಿ ಬಡಗಿಯ ದೃಷ್ಟಾಂತ ಬರುತ್ತದೆ. ಬಡಗಿಯು ಕೆಲಸ ಮಾಡಿಸುವವನಿಗೆ ಅಧೀನನೂ ಹೌದು, ತಾನು ಕರ್ತೃವೂ ಹೌದು. ಜೀವನ ಸ್ಥಿತಿಯೂ ಹಾಗೆಯೇ ಎಂಬುದು ಶ್ರೀಮದಾಚಾರ್ಯರ ಭಾಷ್ಯದ ತಾತ್ಪರ್ಯ. ಸ್ವತಂತ್ರನು ಶ್ರೀಹರಿಯೊಬ್ಬನೇ. ಜೀವನ ಕರ್ತೃತ್ವವು ಪರಾಧೀನ; ಆದರೆ ಸುಳ್ಳಲ್ಲ. ಸುಳ್ಳಾಗಿದ್ದರೆ ಇದನ್ನು ಮಾಡು, ಅದನ್ನು ಬಿಡು ಎಂಬ ಶಾಸ್ತ್ರವೇ ವ್ಯರ್ಥವಾಗುತ್ತಿತ್ತು. ಬಡಗಿ ಮಾಡಿದ ತೊಟ್ಟಿಲು ಮುರಿದು ಮಗು ಬಿದ್ದರೆ, ಉಳಿ ಸರಿಯಿರಲಿಲ್ಲವೆಂದೋ ಯಜಮಾನರು ಅವಸರ ಮಾಡಿದರೆಂದೋ ಅವನು ಸುಮ್ಮನಿರಬಹುದೇ? ಯಜಮಾನನಿಗೂ ಪಾಲುಂಟು. ಅದರಿಂದ ಬಡಗಿಯ ಪಾಲು ಕರಗುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಕೆಲಸ ಬಿಡಬೇಕೆಂದು ಯಾರೂ ಹೇಳಲಿಲ್ಲ. ತಾನು ಬರೆಯುವುದು ಯಾರನ್ನು ತಟ್ಟುತ್ತದೆ ಎಂದು ವಿಚಾರಿಸುವುದು, ಯಂತ್ರವು ತಳ್ಳಿದ ಅರ್ಜಿಯನ್ನು ಮನುಷ್ಯನೊಬ್ಬನು ಮತ್ತೆ ನೋಡುವ ಏರ್ಪಾಡನ್ನು ಮೇಲಿನವರಲ್ಲಿ ವಿನಯದಿಂದ, ಆದರೆ ಬಿಡದೆ ಕೇಳುವುದು: ಇಷ್ಟು ಆತನ ಕೈಯಲ್ಲಿದೆ. ನಮ್ಮ ಕೈಯಲ್ಲಿಯೂ ಕೆಲವು ಸಂಗತಿಗಳಿವೆ. ಮಳೆಯಲ್ಲಿ ಊಟದ ಪೊಟ್ಟಣ ತರುವ ಹುಡುಗನು ಹತ್ತು ನಿಮಿಷ ತಡವಾದನೆಂದು ಬೆರಳ ತುದಿಯಿಂದ ಒಂದು ನಕ್ಷತ್ರ ಕಡಿಮೆ ಒತ್ತುತ್ತೇವೆ. ಶಿಕ್ಷೆ ವಿಧಿಸಿದ್ದು ಮೊಬೈಲಲ್ಲ, ನಾವೇ. ಪಾರ್ಸೆಲಿಗಾಗಿ ಹೋಟೆಲಿನ ಹೊರಗೆ ಕಾಯುವ ಅವನಿಗೆ ಒಂದು ಲೋಟ ನೀರು ಕೊಡಬೇಕೆಂದು ಯಾವ ಆ್ಯಪೂ ಹೇಳುವುದಿಲ್ಲ. ಹೇಳಬೇಕಾದುದು ನಮ್ಮ ಮನೆತನದ ಸಂಸ್ಕಾರ.

ಆ ತರುಣನು ಮುಂದಿನ ಏಕಾದಶಿಗೆ ಬಂದಾಗ, ತನ್ನ ಮಾತನ್ನು ಕಚೇರಿಯಲ್ಲಿ ಮಂಡಿಸಿರುವುದಾಗಿಯೂ ಇನ್ನೂ ಉತ್ತರ ಬಂದಿಲ್ಲವೆಂದೂ ತಿಳಿಸಿದನು. ಉತ್ತರವು ಏನಾದರೂ ಬರಲಿ, ಕೇಳಿದ ಕರ್ಮವು ಆತನದು. ದಿನದ ಕೊನೆಗೆ ನಾವೆಲ್ಲರೂ ಮಾಡಿದ್ದನ್ನು ಶ್ರೀಕೃಷ್ಣನಿಗೆ ಅರ್ಪಿಸುತ್ತೇವೆ. ನನ್ನದಲ್ಲ, ಯಂತ್ರದ್ದು ಎಂದು ಕೈತೊಳೆದುಕೊಂಡ ಕರ್ಮವನ್ನು ಅರ್ಪಿಸುವುದಾದರೂ ಹೇಗೆ?

॥ ಶ್ರೀಕೃಷ್ಣಾರ್ಪಣಮಸ್ತು ॥