ಅರಗು, ಲ್ಯಾಕರ್ ಮತ್ತು ಒಂದು ಅರ್ಜಿ

ಪದವಿಯ ಕೊನೆಯ ವರ್ಷ ನಾನು ದಿನಕ್ಕೆ ಹತ್ತು ಇಂಗ್ಲಿಷ್ ಪದ ಬಾಯಿಪಾಠ ಮಾಡುತ್ತಿದ್ದೆ. ಚನ್ನಪಟ್ಟಣದಿಂದ ಹೊರಟ ರೈಲು ಕೆಂಗೇರಿ ದಾಟುವಷ್ಟರಲ್ಲಿ ಹತ್ತೂ ಮುಗಿಯಬೇಕು ಎಂಬುದು ನನಗೆ ನಾನೇ ಹಾಕಿಕೊಂಡ ಕಟ್ಟಳೆ. ಚೀಟಿಯ ಒಂದು ಮಗ್ಗುಲಲ್ಲಿ ಯುಬಿಕ್ವಿಟಸ್, ಇನ್ನೊಂದು ಮಗ್ಗುಲಲ್ಲಿ ಸರ್ವವ್ಯಾಪಿ. ಪ್ರವೇಶ ಪರೀಕ್ಷೆಗೆಂದು ಶುರುವಾದದ್ದು ಆಮೇಲೆ ಚಟವಾಯಿತು. ಸುಳ್ಳೇಕೆ, ಎದುರಿಗಿದ್ದವರಿಗೆ ಗೊತ್ತಿಲ್ಲದ ಪದವೊಂದನ್ನು ಬಿಟ್ಟಾಗ ಅವರ ಮುಖದಲ್ಲಿ ಮೂಡುವ ಗಲಿಬಿಲಿ ನನಗೆ ಇಷ್ಟವಾಗುತ್ತಿತ್ತು.

ಆ ಚೀಟಿಗಳಲ್ಲಿ ಲ್ಯಾಕರ್ ಎಂಬ ಪದವೂ ಇತ್ತು. ಅದನ್ನು ಹೊಸದೆಂದೇ ಕಲಿತೆ. ನಮ್ಮ ಪಕ್ಕದ ಮನೆಯ ಚಾಚಾ ಇಡೀ ದಿನ ಮಾಡುತ್ತಿದ್ದುದು ಅದೇ ಕೆಲಸ. ಆಲೆ ಮರದ ತುಂಡು ಲೇತ್‌ನಲ್ಲಿ ಗಿರಗಿರ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ತಿಕ್ಕಾಟದ ಬಿಸಿಗೆ ಅದು ಕರಗಿ ಮರಕ್ಕೆ ಹತ್ತುತ್ತದೆ; ಮೇಲೆ ತಾಳೆಗರಿ ಹಿಡಿದರೆ ಹೊಳಪು. ಆ ವಾಸನೆಯಲ್ಲೇ ಬೆಳೆದವನು ನಾನು. ಲ್ಯಾಕರ್‌ನ ಮೂಲ ಹುಡುಕಿಕೊಂಡು ಹೋದರೆ ಪೋರ್ಚುಗೀಸ್ ದಾಟಿ ಸಂಸ್ಕೃತದ ಲಾಕ್ಷಾಕ್ಕೆ ಬಂದು ಮುಟ್ಟುತ್ತೇವೆ. ಪಾಂಡವರನ್ನು ಸುಡಲು ಕಟ್ಟಿಸಿದ ಮನೆಯ ಅರಗೂ ಅದೇ. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ನಮ್ಮೂರ ಗೊಂಬೆಗಳಿಗೆ 2005-06ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತ್ತು. ಅದಾದ ಕೆಲವು ವರ್ಷಕ್ಕೆ ಚಾಚಾ, ದೂರದ ಊರಿನ ಮೇಳವೊಂದರಲ್ಲಿ ಮಳಿಗೆ ಕೇಳಿ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡು ಎಂದರು. ನನ್ನ ಸಂಭ್ರಮಕ್ಕೆ ಪಾರವಿಲ್ಲ. ಒಂದು ಪುಟದಲ್ಲಿ ಎರಡು ತಿಂಗಳ ಚೀಟಿಗಳನ್ನೆಲ್ಲ ಸುರಿದೆ. ನೆಲಮೂಲದ ಕುಶಲಕರ್ಮಿ ಎನ್ನಲು ಇಂಡಿಜಿನಸ್ ಎಂದು ಬರೆಯಬೇಕಿತ್ತು. ಇಂಡಿಜೆಂಟ್ ಎಂದು ಬರೆದೆ. ಎಂದರೆ ಗತಿಯಿಲ್ಲದವನು. ಮೊದಲನೆಯದು ಲ್ಯಾಟಿನ್ನಿನ ಹುಟ್ಟಿನ ಬೇರಿನಿಂದ ಬಂದದ್ದು, ಎರಡನೆಯದು ಕೊರತೆಯ ಬೇರಿನಿಂದ. ಚೀಟಿ ಹಿಡಿದು ಕೇಳಿದ್ದರೆ ಎರಡಕ್ಕೂ ಸರಿಯುತ್ತರ ಕೊಡುತ್ತಿದ್ದೆ! ಚಾಚಾ ಕೈಯ ಅರಗನ್ನು ಲುಂಗಿಗೆ ಒರೆಸಿಕೊಂಡು, ಉರ್ದುವಿನಲ್ಲಿ ಸಹಿ ಹಾಕಿದರು.

ಮಳಿಗೆ ಸಿಕ್ಕಿತು. ಅವರ ಕೆಲಸ ನೋಡಿ ಕೊಟ್ಟರೋ, ಆ ಪದ ನೋಡಿ ಮರುಕಪಟ್ಟರೋ, ಹೇಳುವವರಿಲ್ಲ.

ನಕಲು ಪ್ರತಿಯಲ್ಲಿ ತಪ್ಪು ಕಂಡಾಗ ನಾನು ಸುಮ್ಮನಾದೆ. ಒಳ್ಳೆಯದೇ ಆಯಿತಲ್ಲ ಎಂಬ ವಾದ ಕೈಗೆ ಸುಲಭವಾಗಿ ಸಿಗುತ್ತದೆ. ಆದರೆ ಸಾಲ ಮಾಡಿದರೂ ಕೈ ಚಾಚಿದವರಲ್ಲ ಅವರು. ಕನ್ನಡದಲ್ಲಿ ‘ಗತಿಗೇಡಿ’ ಎಂದು ಓದಿ ಹೇಳಿದ್ದರೆ ಕಾಗದವನ್ನು ಅಲ್ಲೇ ಹರಿದು ಹಾಕುತ್ತಿದ್ದರು. ಮನುಷ್ಯನೊಬ್ಬನ ಬಗ್ಗೆ ಅವನೇ ಒಪ್ಪದ ಮಾತನ್ನು ಅವನ ಸಹಿಯಲ್ಲೇ ಹೇಳಿಸಿದ್ದೆ. ಲಾಭ ಬಂದದ್ದರಿಂದ ಅದು ಅಳಿಸಿಹೋಗುತ್ತದೆಂದು ನನಗೆ ಅನ್ನಿಸುವುದಿಲ್ಲ. ಅವರು ಅರ್ಥ ಕೇಳಲಿಲ್ಲ ಎನ್ನುವುದೂ ನೆಪವೇ. ಪ್ರಜಾವಾಣಿಯ ‘ಇಗೋ ಕನ್ನಡ’ದಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರನ್ನು ಜನ ಕನ್ನಡದ ಪದಗಳ ಅರ್ಥವನ್ನೇ ಕೇಳುತ್ತಿದ್ದರು, ನಾಚಿಕೆಯಿಲ್ಲದೆ. ಇಂಗ್ಲಿಷ್ ಎದುರಾದರೆ ಕೇಳುವುದಿಲ್ಲ, ಸಹಿ ಹಾಕುತ್ತೇವೆ. ಆ ಅಂಜಿಕೆಯ ಮೇಲೆಯೇ ನನ್ನ ಚೀಟಿಗಳ ದರ್ಬಾರು ನಡೆದಿತ್ತು.

ಕಳೆದ ರಂಜಾನಿನಲ್ಲಿ ಮನೆಗೆ ಹೋದಾಗ ಎಲ್ಲ ಹೇಳಿದೆ. ಚಾಚಾ ಲೇತ್ ನಿಲ್ಲಿಸಿದರು. ಬೈಯಲಿಲ್ಲ. ‘ಆ ಕಾಗದ ಅವರ ಹತ್ತಿರ ಇನ್ನೂ ಇರುತ್ತಾ?’ ಎಂದು ಕೇಳಿದರು. ಇರಬಹುದು ಎಂದೆ. ಸ್ವಲ್ಪ ಹೊತ್ತು ಬಾಗಿಲಾಚೆ ನೋಡುತ್ತಿದ್ದು, ಮತ್ತೆ ಲೇತ್ ಹಚ್ಚಿದರು.